28 ಪದದ ಸುಳಿವು, 8 ಮನೆಯ ಉತ್ತರ

ಹೋದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಪದಬಂಧ ಹಾಕಿದೆ. ಅದರಲ್ಲಿ ಎಡದಿಂದ ಬಲಕ್ಕೆ 7ನೇ ಸುಳಿವು ಹೀಗಿತ್ತು:

"ಕಾಯಕ ನಂಬಿದವನು ಮುಂದೆ ಕೂತ, ಹೊಲ ಉಳುವವನು ನಡುವೆ ಕೂತ, ಅವನ ಬೆನ್ನೇರಿ ತಿರುಗುವವನು ಹಿಂದೆ ಕೂತ, ಕೊನೆಯ ಇಬ್ಬರು ಎಷ್ಟು ಒತ್ತಿ ಕೂತರೆಂದರೆ ಅವರ ಗುಣವೇ ಒಂದಾಯಿತು, ಈಗ ಹೋಳಿ ಮುಗಿದಿದೆ, ಇವರ ತೇರಿಗೆ ಉತ್ತತ್ತಿ ಎಸೆಯಿರಿ (8)"

ಎಣಿಸಿದರೆ 28 ಪದ. ಉತ್ತರಕ್ಕೆ ಇರುವುದು ಎಂಟೇ ಮನೆ. ಹಾಕಿ ಐದು ನಿಮಿಷ ಆಗಿಲ್ಲ, ಅಣ್ಣನ ಮಗ ಕೇಳಿದ, "ಕಾಕಾ, ಇದು ಸುಳಿವೋ, ಕಥಿಯೋ?" ಎರಡೂ ಹೌದಪ್ಪ ಅಂದೆ. ಮಧ್ಯಾಹ್ನ ಊಟ ಆಯಿತು, ಸಂಜೆ ಚಹಾ ಆಯಿತು, ಯಾರಿಂದಲೂ ಉತ್ತರ ಇಲ್ಲ. ರಾತ್ರಿ ಹತ್ತೂವರೆಗೆ ಆಳಂದದಿಂದ ಚಿಕ್ಕಮ್ಮನ ವಾಯ್ಸ್ ಮೆಸೇಜ್ ಬಂತು. ಅವರು ಎಷ್ಟೋ ವರ್ಷ ಶಾಲೆಯಲ್ಲಿ ಕನ್ನಡ ವ್ಯಾಕರಣ ಹೇಳಿಕೊಟ್ಟವರು. ಮೊದಲು ಉಸಿರು ಎಳೆದುಕೊಂಡ ಸದ್ದು, ಆಮೇಲೆ ಒಂದೇ ಕೂಗು: "ಗುಣಸಂಧಿ! ಅಯ್ಯೋ, ಗುಣಸಂಧಿ ಐತಿ ಇಲ್ಲಿ!"

ಆ ಕೂಗನ್ನು ನಾನು ಮೂರು ಸಲ ಕೇಳಿಸಿಕೊಂಡೆ. ಪದಬಂಧ ಮಾಡುವವನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ.

ಬಿಡಿಸಿ ಹೇಳುತ್ತೇನೆ. ಕಾಯಕ ನಂಬಿದವನು ಶರಣ. ಹೊಲ ಉಳುವವನು ಬಸವ, ಅಂದರೆ ಎತ್ತು. ಎತ್ತಿನ ಬೆನ್ನೇರಿ ತಿರುಗುವವನು ಈಶ್ವರ. ಬಸವ ಮತ್ತು ಈಶ್ವರ ಒತ್ತಿ ಕೂತಾಗ ಬಸವನ ಕೊನೆಯ 'ಅ' ಮತ್ತು ಈಶ್ವರನ ಮೊದಲ 'ಈ' ಸೇರಿ 'ಏ' ಆಗುತ್ತದೆ. ಅದೇ ಗುಣಸಂಧಿ. 'ಗುಣವೇ ಒಂದಾಯಿತು' ಅಂತ ನಾನು ಬರೆದದ್ದು ಅದಕ್ಕೇ. ಶ-ರ-ಣ-ಬ-ಸ-ವೇ-ಶ್ವ-ರ, ಎಂಟು ಮನೆ. ತೇರು ಯಾರದು ಅಂತ ಕಲಬುರಗಿಯವರಿಗೆ ಹೇಳಬೇಕಿಲ್ಲ. ಹೋಳಿ ಆದಮೇಲೆ ಶರಣಬಸವೇಶ್ವರ ಗುಡಿ ಮುಂದೆ ತೇರು ಹೊರಟಾಗ ಆ ಜನರ ನಡುವೆ ನಿಂತು ಉತ್ತತ್ತಿ, ಬಾಳೆಹಣ್ಣು ಎಸೆಯದವರು ನಮ್ಮೂರಲ್ಲಿ ಎಷ್ಟು ಜನ ಇದ್ದಾರು?

ನನಗೆ ಉದ್ದ ಸುಳಿವು ಅಂದರೆ ಪ್ರಾಣ. ಪೇಪರಿನ ಪದಬಂಧ ಬಿಡಿಸುತ್ತಲೇ ಬೆಳೆದವನು ನಾನು. ಅದರ ಋಣ ದೊಡ್ಡದು. ಕೋಲಾರ ಕಡೆಯ ಅ.ನಾ. ಪ್ರಹ್ಲಾದ ರಾವ್ ಅವರಂಥವರು ಕನ್ನಡದಲ್ಲಿ ಸಾವಿರಾರು ಪದಬಂಧ ಕಟ್ಟಿ ಎಷ್ಟೋ ಮನೆಗಳ ಬೆಳಗಿಗೆ ಒಂದು ಕೆಲಸ ಕೊಟ್ಟಿದ್ದಾರೆ. ಆದರೆ ನಾನು ಚಿಕ್ಕವನಿದ್ದಾಗ ಬಿಡಿಸಿದ ಸುಳಿವುಗಳು ಬಹುಪಾಲು ಸಮಾನಾರ್ಥದವು. ಕಣ್ಣು (3) ಅಂದರೆ ನಯನ. ತಾವರೆ (3) ಅಂದರೆ ಕಮಲ, ಇಲ್ಲಾ ಜಲಜ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಉದ್ದ ಸುಳಿವಿನಲ್ಲಿ ಹಾಗಲ್ಲ. ಗೊತ್ತಿಲ್ಲದವನೂ ಕೂತು ಎಳೆ ಎಳೆಯಾಗಿ ಬಿಡಿಸಿ ಉತ್ತರ ಮುಟ್ಟಬಹುದು, ಯಾಕಂದರೆ ಬೇಕಾದ ಸಾಮಾನೆಲ್ಲ ಸುಳಿವಿನ ಒಳಗೇ ಇರುತ್ತದೆ.

ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬ ಪತ್ರಕರ್ತ ವಜ್ರದ ಆಕಾರದ ಒಂದು ಒಗಟು ಹಾಕಿದ. ಅದರ ಸುಳಿವುಗಳೂ ಚಿಕ್ಕವೇ. ಅದನ್ನು ಹಿಡಿದು ತಿರುಚಿ, ಮೇಲೊಂದು ಅರ್ಥ ಒಳಗೊಂದು ಅರ್ಥ ಇಟ್ಟು ಆಟ ಮಾಡಿದವರು ಬ್ರಿಟನ್ನಿನವರು. ಅಲ್ಲಿ ಒಂದು ಕಟ್ಟಳೆ ಇದೆ. ಸುಳಿವಿನ ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರಬೇಕು. ಉಳಿದದ್ದು ಅದೇ ಉತ್ತರವನ್ನು ತುಂಡು ತುಂಡಾಗಿ ಕಟ್ಟಿಕೊಡಬೇಕು. ಎಲ್ಲಿ ಅರ್ಥ ಮುಗಿಯಿತು, ಎಲ್ಲಿ ಆಟ ಶುರುವಾಯಿತು ಅಂತ ಗೆರೆ ಎಳೆಯುವುದು ಬಿಡಿಸುವವನ ಕೆಲಸ.

ಅವರಲ್ಲಿ ನನಗೆ ತುಂಬಾ ಇಷ್ಟದವರು ಜಾನ್ ಗ್ರಹಾಂ. ಪಾದ್ರಿಯಾಗಿದ್ದವರು. ಗಾರ್ಡಿಯನ್ ಪತ್ರಿಕೆಯಲ್ಲಿ ಅರಾಕೇರಿಯಾ ಅನ್ನುವ ಹೆಸರಲ್ಲಿ ಪದಬಂಧ ಮಾಡುತ್ತಿದ್ದರು. ಅದು ಒಂದು ಮರದ ಹೆಸರು, ಇಂಗ್ಲಿಷರು ಆ ಮರವನ್ನು ಮಂಕಿ ಪಜಲ್ ಅಂತ ಕರೆಯುತ್ತಾರೆ. ಅವರದೊಂದು ಸುಳಿವು ಇದೆ. ಒಂದು ಕ್ರಿಸ್ಮಸ್ ಹಾಡಿನ ಮೊದಲ ಎರಡು ಸಾಲು, ಒಟ್ಟು 59 ಅಕ್ಷರ, ಉತ್ತರ. ಆ 59 ಅಕ್ಷರಗಳನ್ನೇ ಕಲಸಿ, ಒಂದೂ ಬಿಡದೆ, ಒಂದೂ ಸೇರಿಸದೆ, ಇನ್ನೊಂದು ಕ್ರಿಸ್ಮಸ್ ಹಾಡಿನಂತೆಯೇ ಕೇಳುವ ಸಾಲುಗಳನ್ನು ಮಾಡಿ ಸುಳಿವಾಗಿ ಇಟ್ಟರು. ನಾನು ಒಂದು ರಾತ್ರಿ ಪೆನ್ಸಿಲ್ ಹಿಡಿದು ಅಕ್ಷರಕ್ಕೆ ಅಕ್ಷರ ಹೊಡೆಯುತ್ತಾ ಹೋದೆ. ಕೊನೆಯ ಅಕ್ಷರವೂ ಸರಿಯಾಗಿ ಕೂತಾಗ ಮೈ ಜುಮ್ಮೆಂದಿತು. 2013ರ ಜನವರಿಯಲ್ಲಿ ಅವರು ತಮಗೆ ಕ್ಯಾನ್ಸರ್ ಆಗಿದೆ ಅನ್ನುವ ಸುದ್ದಿಯನ್ನು ಓದುಗರಿಗೆ ತಿಳಿಸಿದ್ದೂ ಒಂದು ಪದಬಂಧದ ಮೂಲಕವೇ. ಅದೇ ವರ್ಷ ತೀರಿಕೊಂಡರು. ಅಷ್ಟು ವರ್ಷ ತಮ್ಮ ಜೊತೆ ಕೂತು ತಲೆ ಕೆಡಿಸಿಕೊಂಡವರಿಗೆ ತಮ್ಮ ಭಾಷೆಯಲ್ಲೇ ಹೇಳಿದರು.

ಕನ್ನಡದಲ್ಲಿ 59 ಅಕ್ಷರ ಕಲಸುವ ಆಟ ಆಗುವ ಮಾತಲ್ಲ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಅಕ್ಷರ, ಒಟ್ಟು 26. ನಮ್ಮಲ್ಲಿ ಒಂದು ಮನೆಗೆ ಇಡೀ ಗುಣಿತಾಕ್ಷರ ಕೂರುತ್ತದೆ, ಒತ್ತು ಇದ್ದರೆ ಒತ್ತಿನ ಸಮೇತ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಅಲ್ಲಿಗೇ ಐನೂರು ದಾಟಿತು. ಒತ್ತಕ್ಷರ ಬಂದರೆ ಲೆಕ್ಕವೇ ತಪ್ಪುತ್ತದೆ. ಕಲಬುರಗಿಯ 'ಬು' ಮೇಲಿಂದ ಕೆಳಕ್ಕೆ ಇನ್ನೊಂದು ಪದದ ಜೊತೆ ಕೂಡಬೇಕಾದರೆ ಆ ಪದದಲ್ಲೂ 'ಬು'ನೇ ಇರಬೇಕು. 'ಬ' ನಡೆಯುವುದಿಲ್ಲ, 'ಬೂ' ನಡೆಯುವುದಿಲ್ಲ. ಬುತ್ತಿ, ಬುಗುರಿ, ಬುರುಡೆ ಅಂತ ಹುಡುಕುತ್ತಾ ಹೋಗಬೇಕು. ಚೌಕಟ್ಟು ಕಟ್ಟಲು ಕೂತವನಿಗೇ ಗೊತ್ತು ಆ ಪಾಡು.

ಆದರೆ ಇದೇ ಗುಣಿತಾಕ್ಷರ ನಮಗೆ ಬೇರೆ ಬಾಗಿಲು ತೆಗೆಯುತ್ತದೆ. ನದಿ ತಿರುಗಿದರೆ ದಿನ. ರಮಣನ ಮೊದಲ ಎರಡು ಅಕ್ಷರ ಅದಲು ಬದಲಾದರೆ ಮರಣ. ಗಜ ತಿರುಗಿದರೆ ಜಗ. 'ಕುಬೇರನಿಗೇನಿರಬೇಕು' ಅನ್ನುವುದನ್ನು ಹಿಂದಿನಿಂದ ಓದಿ ನೋಡಿ, ಒಂಬತ್ತು ಅಕ್ಷರವೂ ಹಾಗೇ ಬರುತ್ತವೆ. ಹೋದ ವರ್ಷ ನಾನು ಬರೆದ ಒಂದು ಸುಳಿವು: "ಎಡದಿಂದ ಬಂದರೂ ಬಲದಿಂದ ಬಂದರೂ ಗಾಳಿ ಇದರ ಮೂಲಕವೇ ಒಳಗೆ ಬರಬೇಕು (3)". ಕಿ-ಟ-ಕಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಸುಳಿವಿನ ಒಂದು ಪದವೂ ಸುಮ್ನೆ ಕೂತಿಲ್ಲ. ನಾನು ಬರೆದದ್ದರಲ್ಲಿ ನನಗೆ ಹೆಮ್ಮೆ ಇರುವುದು ಇದರ ಮೇಲೆ.

ಊರಿನ ಹೆಸರುಗಳಂತೂ ಈ ಆಟಕ್ಕೆ ಹೇಳಿ ಮಾಡಿಸಿದಂತಿವೆ. ಗಾಣಗಾಪುರ ನೋಡಿ: "ಎಣ್ಣೆ ತೆಗೆಯುವಲ್ಲಿಂದ ಊರಿಗೆ ಹೋಗುವ ದಾರಿಯಲ್ಲಿ ಗಾಯಕ ಬಾಯಿ ತೆರೆದ, ಭೀಮಾ ದಂಡೆಯಲ್ಲಿ ದತ್ತನ ದರ್ಶನ ಆಯಿತು (5)". ಗಾಣ, ಪುರ, ನಡುವೆ ಗಾಯಕ ಬಾಯಿ ತೆರೆದಾಗ ಬಂದ 'ಗಾ'. ಬಹಮನಿಗಳನ್ನು ಹಿಡಿದದ್ದು ಹೀಗೆ: "ಬಹಳ ದೂರದಿಂದ ಬಂದಂತೆ ಕೊನೆಯಲ್ಲಿ ಸವೆದು, ಕಲಬುರಗಿಯವರು ಆಡುವಂತೆ ಮನೆಗೆ ಸೇರಿ, 1347ರಲ್ಲಿ ರಾಜ್ಯ ಕಟ್ಟಿದರು (4)". 'ಬಹಳ' ಕೊನೆಯಲ್ಲಿ ಸವೆದರೆ 'ಬಹ'. ಮನೆಗೆ ನಾವು ಅನ್ನುವುದು 'ಮನಿ'. ನಮ್ಮ ಮಾತು ಇಲ್ಲಿ ಬರೀ ಬಣ್ಣಕ್ಕೆ ಬಂದಿಲ್ಲ, ಆ ಮನಿ ಇಲ್ಲದಿದ್ದರೆ ಉತ್ತರವೇ ಕಟ್ಟುವುದಿಲ್ಲ. ಇಂಥ ಸುಳಿವು ಸಿಕ್ಕಾಗ ನನಗೆ ಹಬ್ಬ.

ಯಾದಗಿರಿಯ ಮೇಲೆ ದೊಡ್ಡ ಜಗಳವೇ ಆಯಿತು. "ಉರ್ದುವಿನಲ್ಲಿ ನೆನೆಯುತ್ತಾ ಕನ್ನಡದಲ್ಲಿ ಬೆಟ್ಟ ಹತ್ತಿದರೆ ಪಕ್ಕದ ಜಿಲ್ಲೆ (4)" ಅಂತ ಬರೆದಿದ್ದೆ. ಯಾದ್ ಅಂದರೆ ನೆನಪು, ಗಿರಿ ಅಂದರೆ ಬೆಟ್ಟ. ಎರಡು ಭಾಷೆ ಒಂದೇ ಓಣಿಯಲ್ಲಿ ಆಡಿ ಬೆಳೆದ ನಮ್ಮಂಥವರಿಗೆ ಇದು ತಾನಾಗಿ ಹೊಳೆಯುತ್ತದೆ. ಆದರೆ ನನ್ನ ಹಳೆಯ ಗೆಳೆಯ, ದರ್ಗಾ ಕಡೆ ಮನೆ, ಉರ್ದು ಚೆನ್ನಾಗಿ ಬಲ್ಲವನು, ಒಪ್ಪಲಿಲ್ಲ. "ಯಾದ್‌ನಲ್ಲಿ ಇರೋದು ಅರ್ಧ ದ್. ನಿನ್ನ ಮನೆಯಲ್ಲಿ ಇರೋದು ಪೂರಾ ದ. ಆ ಉಳಿದರ್ಧ ಎಲ್ಲಿಂದ ತಂದಿ?" ಅಂದ. ಸ್ಟೇಷನ್ ರೋಡಿನಲ್ಲಿ ಚಹಾ ಕುಡಿಯುತ್ತಾ ಅರ್ಧ ಗಂಟೆ ಇದೇ ಮಾತು. ಕೊನೆಗೆ ನಾನು ಸೋತೆ, ಅವನು ಹೇಳಿದ್ದು ಸರಿಯಿತ್ತು. ಈಗ ಆ ಸುಳಿವು ಹೀಗಿದೆ: "ಉರ್ದುವಿನಲ್ಲಿ ನೆನೆಯುತ್ತಾ, ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡಿಕೊಂಡು, ಕನ್ನಡದಲ್ಲಿ ಬೆಟ್ಟ ಹತ್ತಿದರೆ ಪಕ್ಕದ ಜಿಲ್ಲೆ (4)". ನಾಲ್ಕು ಪದ ಜಾಸ್ತಿ ಆಯಿತು. ಆ ನಾಲ್ಕು ಪದದಿಂದ ಸುಳಿವು ಪ್ರಾಮಾಣಿಕವೂ ಆಯಿತು, ಚೆಂದವೂ ಆಯಿತು.

ಉದ್ದ ಅಂದರೆ ಸುಮ್ನೆ ಎಳೆಯುವುದಲ್ಲ ಅಂತ ನಾನು ಕಲಿತದ್ದು ತೊಗರಿಯಿಂದ. ಮೊದಲು ತೊಗರಿಗೆ ಒಂದು ಸುಳಿವು ಬರೆದಿದ್ದೆ. ರೈತ, ಮಳೆ, ರಾಶಿ, ಬಜಾರು, ಜಿಐ ಟ್ಯಾಗು, ಎಲ್ಲಾ ಸೇರಿ ಒಂದು ಪುಟ್ಟ ಪ್ರಬಂಧ. ಅಣ್ಣನ ಮಗ ಬಿಡಿಸಿ ಹೇಳಿದ, "ಕಾಕಾ, ನನಗ ಬೇಕಾಗಿದ್ದು ಕಡೀ ಎರಡೇ ಮಾತು. ಉಳಿದದ್ದೆಲ್ಲಾ ಯಾಕ ಓದಿದೆ ನಾನು?" ಹದಿನಾಲ್ಕು ವರ್ಷದ ಹುಡುಗ. ಅವನ ಮಾತು ಎರಡು ದಿನ ಕೊರೆಯಿತು. ಈಗಿನದು ಇದು: "ತೊಟ್ಟಿಲ ತಲೆ ಹಿಡಿದು, ಅದರ ಬೆನ್ನಿಗೆ ನವಿಲು ಉದುರಿಸಿ ಹೋದದ್ದನ್ನು ಕಟ್ಟಿದರೆ ಕುಕ್ಕರ್ ಸೀಟಿ ಹೊಡೆಯುತ್ತದೆ (3)". ತೊಟ್ಟಿಲ ತಲೆ 'ತೊ', ನವಿಲು ಉದುರಿಸಿದ್ದು 'ಗರಿ'. ಆಫ್ರಿಟ್ ಅನ್ನುವ ಹೆಸರಲ್ಲಿ ಪದಬಂಧ ಮಾಡುತ್ತಿದ್ದ ಇಂಗ್ಲಿಷಿನವರೊಬ್ಬರು 1949ರಲ್ಲೇ ಈ ಕಟ್ಟಳೆಯನ್ನು ಬರೆದಿಟ್ಟಿದ್ದಾರೆ. ಅವರ ಮಾತಿನ ತಾತ್ಪರ್ಯ ಇಷ್ಟು: ಸುಳಿವು ಕೊಡುವವನು ಆಡಿದ ಮಾತಿಗೆ ಅದೇ ಅರ್ಥ ಇರಬೇಕಿಲ್ಲ, ಆದರೆ ಮನಸ್ಸಿನಲ್ಲಿ ಇರುವ ಅರ್ಥಕ್ಕೆ ತಕ್ಕ ಮಾತನ್ನು ಅವನು ಆಡಿರಲೇಬೇಕು. ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. ನನ್ನ ಹಳೆಯ ತೊಗರಿ ಸುಳಿವು ಸುಳ್ಳೇನೂ ಹೇಳಿರಲಿಲ್ಲ, ಆದರೆ ಓದುವವನ ಹೊತ್ತು ತಿಂದಿತ್ತು. ಅದೂ ತಪ್ಪೇ.

ಇದನ್ನೆಲ್ಲ ಇಂಗ್ಲಿಷರಿಂದ ಕಲಿತೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಆಮೇಲೆ ಅಜ್ಜಿ ನೆನಪಾದಳು.

ನಮ್ಮ ಅಜ್ಜನ ಹೆಸರಿನಲ್ಲಿ ಚಂದ್ರ ಇದ್ದ. ಆ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುತ್ತಿರಲಿಲ್ಲ. ಅಜ್ಜಿ ಆಕಾಶದ ಚಂದ್ರನ ಹೆಸರನ್ನೂ ಹೇಳುತ್ತಿರಲಿಲ್ಲ. ಸಂಕಷ್ಟಿ ದಿನ ಇಡೀ ದಿನ ಉಪವಾಸ, ಚಂದ್ರನನ್ನು ನೋಡಿದ ಮೇಲೆಯೇ ಊಟ. ಕತ್ತಲಾದ ಮೇಲೆ ನಮ್ಮನ್ನು ಮಾಳಿಗೆಗೆ ಅಟ್ಟುತ್ತಿದ್ದಳು. "ಹುಣ್ಣಿವಿಗೆ ಉಂಡು ದುಂಡಗಾಗಿ, ಅಮಾಸಿಗೆ ಹೇಳದಂಗ ಮನಿ ಬಿಟ್ಟು ಹೋಗಾಂವ ಬಂದಾನೇನು, ನೋಡಿ ಬರ್ರಿ." ನಾವು ಮೆಟ್ಟಿಲು ಹತ್ತಿ ಓಡುತ್ತಿದ್ದೆವು. ಮೊದಲ ಸಲ ಕೇಳಿದಾಗ ಯಾರೋ ನೆಂಟರು ಬರುತ್ತಾರೆ ಅಂದುಕೊಂಡು ನಾನು ಮಾಳಿಗೆ ಅಂಚಿನಲ್ಲಿ ನಿಂತು ಓಣಿ ಕಡೆ ನೋಡುತ್ತಿದ್ದೆ. ಅಕ್ಕ ನನ್ನ ಗದ್ದ ಹಿಡಿದು ಮುಖ ಮೇಲೆ ಎತ್ತಿದಳು. ಕೆಂಪಗೆ, ಒಂದು ಕಡೆ ಸವೆದ ಹಾಗೆ, ಬೇವಿನ ಗಿಡದ ಹಿಂದೆ ಅವನು ಆಗಷ್ಟೇ ಬರುತ್ತಿದ್ದ.

ಅಜ್ಜಿ ಕೊಟ್ಟದ್ದು ಪಕ್ಕಾ ಸುಳಿವು. ದಾರಿ ತಪ್ಪಿಸುವ ಮೇಲಿನ ಅರ್ಥ, ಒಳಗೆ ಒಂದೊಂದು ಮಾತೂ ನಿಜ.

ಮದುವೆಯಲ್ಲಿ ಹೇಳುವ ಒಡಪೂ ಇದೇ ಜಾತಿಯದು ಅಲ್ವಾ? ಹೊಸ ಮದುಮಗಳನ್ನು ಬಾಗಿಲಲ್ಲಿ ನಿಲ್ಲಿಸಿ, ಹೆಸರು ಹೇಳಿದರೆ ಒಳಗೆ ಬಿಡುತ್ತೇವೆ ಅನ್ನುತ್ತಾರೆ. ಅವಳು ನೇರ ಹೇಳುವುದಿಲ್ಲ. ಮಾಳಿಗಿ ಮ್ಯಾಲ ಶ್ಯಾವಿಗಿ ಒಣಗ್ಯಾವ, ಅಂಗಳದ ತುಂಬ ರಂಗೋಲಿ ಅರಳ್ಯಾವ ಅಂತ ಊರೆಲ್ಲ ಸುತ್ತಿಸಿ, ಎಲ್ಲರ ಕಿವಿ ನೆಟ್ಟಗಾದ ಮೇಲೆ, ಕಟ್ಟಕಡೆಗೆ ಆ ಹೆಸರನ್ನು ಇಡುತ್ತಾಳೆ. ಆಗ ಏಳುವ ನಗು, ಚಪ್ಪಾಳೆ ಇದೆಯಲ್ಲ, ಅದು ಹೆಸರಿಗೆ ಬಂದದ್ದಲ್ಲ. ಹೆಸರು ಎಲ್ಲರಿಗೂ ಮೊದಲೇ ಗೊತ್ತು, ಲಗ್ನಪತ್ರಿಕೆಯಲ್ಲೇ ಅಚ್ಚಾಗಿದೆ. ಅಲ್ಲಿಗೆ ಮುಟ್ಟಿಸಿದ ದಾರಿಗೆ ಬಂದದ್ದು. ಈಗಿನ ಮದುವೆಗಳಲ್ಲಿ ಒಡಪು ಹೇಳುವವರು ಕಡಿಮೆ ಆಗುತ್ತಿದ್ದಾರೆ, ಫೋಟೋದವರು ಅವಸರ ಮಾಡುತ್ತಾರೆ. ನನಗೆ ನಿಜವಾಗಿ ಬೇಜಾರಾಗುತ್ತದೆ.

ಬೇಜಾರಿನ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಪತ್ರಿಕೆಗೆ ನನ್ನ ಪದಬಂಧ ಕಳಿಸಿದ್ದೆ. ತೆಗೆದುಕೊಂಡರು, ಖುಷಿಯಾಯಿತು. ಅಚ್ಚಾದ ದಿನ ಬೆಳಿಗ್ಗೆ ಬೇಗ ಎದ್ದು ಹೋಗಿ ಪೇಪರ್ ತಂದೆ. ಅದರಲ್ಲಿ ಕಲಬುರಗಿಗೆ ನಾನು ಬರೆದ ಸುಳಿವು ಇದು: "ಕಡಲೆ, ಲಸ್ಸಿ, ಬುತ್ತಿ, ರವೆ ಉಂಡೆ, ಗಿಣ್ಣು ಕಟ್ಟಿಕೊಂಡು ರೈಲು ಹತ್ತಿದವನು ಪ್ರತಿಯೊಂದರ ಮೊದಲ ತುತ್ತನ್ನಷ್ಟೇ ತಿಂದ; ಕಣ್ಣು ಬಿಟ್ಟರೆ ಬಿಸಿಲೂರು (5)". ಪೇಪರಿನಲ್ಲಿ ಇದ್ದದ್ದು: "ಒಂದು ಜಿಲ್ಲೆ (5)".

ಜಾಗ ಸಾಲಲಿಲ್ಲವಂತೆ. ಇರಬಹುದು. ಪೇಪರಿನಲ್ಲಿ ಆ ಮೂಲೆ ಚಿಕ್ಕದು, ಪಕ್ಕದಲ್ಲಿ ಭವಿಷ್ಯ, ಕೆಳಗೆ ಸುಡೊಕು. ಆದರೂ ಆ ಐದು ತಿನಿಸನ್ನು ಹುಡುಕಲು ನಾನು ಪಟ್ಟ ಪಾಡು ನನಗೇ ಗೊತ್ತು. 'ಗಿ'ಯಿಂದ ಶುರುವಾಗುವ ತಿನಿಸು ಯಾವುದು ಅಂತ ಮೂರು ದಿನ ಒದ್ದಾಡಿದ್ದೆ. ಒಂದು ಬೆಳಿಗ್ಗೆ ಹಾಲಿನವನು, ಎಮ್ಮೆ ಕರು ಹಾಕಿದೆ, ಗಿಣ್ಣದ ಹಾಲು ಬೇಕೇನ್ರೀ ಅಂತ ಬಾಗಿಲಲ್ಲಿ ನಿಂತು ಕೇಳಿದ. ನಾನು ಅವನಿಗೆ ಉತ್ತರ ಕೊಡುವುದು ಬಿಟ್ಟು ಪೆನ್ನು ಹುಡುಕಲು ಓಡಿದೆ. ಅಷ್ಟೆಲ್ಲ ಆದಮೇಲೆ ಒಂದು ಜಿಲ್ಲೆ ಅಂದರೆ ಹೇಗೆ? ಐದಕ್ಷರದ ಜಿಲ್ಲೆ ಕರ್ನಾಟಕದಲ್ಲಿ ಇದೊಂದೇನಾ? ಬಿಡಿಸುವವನು ಯಾವುದಂತ ಹಿಡಿಯಬೇಕು?

ಅಂದಿನಿಂದ ನಾನು ಮನೆಯ ಗ್ರೂಪಿಗೆ ಮಾತ್ರ ಹಾಕುತ್ತಿದ್ದೇನೆ. ಅಲ್ಲಿ ಜಾಗದ ಕೊರತೆ ಇಲ್ಲ. ಹದಿನೇಳು ಜನ ಇದ್ದೇವೆ. ಬಿಡಿಸುವವರು ಆರೋ ಏಳೋ. ಸೊಲ್ಲಾಪುರದಲ್ಲಿರುವ ತಂಗಿ ಮರಾಠಿ ಪದಬಂಧವನ್ನೂ ಬಿಡಿಸುತ್ತಾಳೆ, ಅಲ್ಲಿಂದ ಒಂದೊಂದು ಆಟ ಕದ್ದು ತಂದುಕೊಡುತ್ತಾಳೆ. ಅಣ್ಣನ ಮಗ ಈಗ ತಾನೇ ಸುಳಿವು ಬರೆಯಲು ಶುರುಮಾಡಿದ್ದಾನೆ. ಮೊನ್ನೆ ಅವನು ಕಳಿಸಿದ್ದು: "ಹಿಂದಕ್ಕೆ ಹರಿದು ನೋಡು, ನಿನಗೆ ಒಂದು ದಿನ ಸಿಗುತ್ತದೆ, ಆದರೆ ಭೀಮಾ ಹಾಗೆ ಹರಿಯುವುದಿಲ್ಲ (2)". ನದಿ. ನಾನು ಒಂದು ಕಾಮಾ ಕೂಡ ಮುಟ್ಟಲಿಲ್ಲ.

ಈ ಭಾನುವಾರಕ್ಕೆ ಚೌಕಟ್ಟು ತಯಾರಿದೆ, ಮೇಲಿಂದ ಕೆಳಕ್ಕೆ 3 ಮಾತ್ರ ಉಳಿದಿತ್ತು. ಇವತ್ತು ಬೆಳಿಗ್ಗೆ ಹಾಲು ಕುಡಿಯುತ್ತಾ ಹೊಸ್ತಿಲ ಮೇಲೆ ಕೂತಾಗ ಅದೂ ಸಿಕ್ಕಿತು. ಚಿಕ್ಕಮ್ಮನಿಗೆ ಮುಂಚೆ ನಿಮಗೇ ಕೊಡುತ್ತಿದ್ದೇನೆ, ಅವರಿಗೆ ಹೇಳಬೇಡಿ:

"ಅವ್ವ ಕೊಟ್ಟ ಬಿಸಿ ಹಾಲನ್ನು 'ಹಾ' ಅನ್ನದೆ ಮುಗಿಸಿ, ಟೊಪ್ಪಿಗೆ ಮರೆತು ಬಾಗಿಲು ದಾಟಿದರೆ, ನಮ್ಮೂರಲ್ಲಿ ತಲೆ ಮೇಲೆ ಬೀಳುವುದು (3)"